ಗರ್ಮಿ ಹೋಗ್ಯದ ಅಂದವರಿಗೆ

ನಮ್ಮ ಲ್ಯಾಬಿನಾಗ ಎರಡು ಫ್ರಿಜ್ ಇದ್ದವು. ಒಂದು ಹೊಸದು, ಬೆಳ್ಳಗ, ಕೀಲಿ ಇದ್ದದ್ದು, ಬಾಗಲದ ಮ್ಯಾಲ ಕೆಂಪು ರಿಬ್ಬನ್ನಿನ ಚಿತ್ರ. ಅದರಾಗ ಎಚ್‌ಐವಿ ಕಿಟ್ ಇಡ್ತಿದ್ರು. ಇನ್ನೊಂದು ಹಳೇದು. ಅದರ ಬಾಗಲಾ ಮುಚ್ಚಿದ್ರ ನಿಲ್ಲತಿದ್ದಿಲ್ಲ ಅಂತ ನಾನ ಒಂದು ಬ್ಯಾಂಡೇಜ್ ಪಟ್ಟಿ ಸುತ್ತಿ ಗಂಟು ಹಾಕಿದ್ದೆ. ಅದರಾಗ ಗರ್ಮಿ ರೋಗದ, ಅಂದ್ರ ಸಿಫಿಲಿಸಿನ, ಪರೀಕ್ಷಾಕ್ಕ ಬೇಕಾದ ಔಷಧಿ ಇರಬೇಕಿತ್ತು. ಇರಬೇಕಿತ್ತು ಅಂತ ಯಾಕ ಅಂದೆ ಅಂದ್ರ, ವರ್ಷದಾಗ ಅರ್ಧಕ್ಕರ್ಧ ದಿನ ಅಲ್ಲಿ ಇರ್ತಿದ್ದದ್ದು ನನ್ನ ಮಜ್ಜಿಗಿ ಬಾಟ್ಲಿ ಮಾತ್ರ. ಲ್ಯಾಬಿನ ಫ್ರಿಜ್‌ನಾಗ ಮಜ್ಜಿಗಿ ಇಡಬಾರದು, ನನಗೂ ಗೊತ್ತದ. ಆದ್ರ ಖಾಲಿ ಫ್ರಿಜ್ ನೋಡಿ ನೋಡಿ ನನಗ ರೇಗಿ ಹೋಗಿತ್ತು.

ನಾನು ಗುಲ್ಬರ್ಗಾ ಕಡೆಯಾಕಿ. ತೊಂಬತ್ತರ ದಶಕದ ಸುರುವಿನಾಗ ಮದುವಿಯಾಗಿ ಪುಣೆಗೆ ಬಂದೆ. ಲ್ಯಾಬ್ ಟೆಕ್ನಿಶಿಯನ್ ಕೋರ್ಸ್ ಮುಗಿಸಿದ್ದೆ, ಊರ ಪೂರ್ವಕ್ಕ ಇದ್ದ ಒಂದು ಸರ್ಕಾರಿ ದವಾಖಾನಿಯಾಗ ನೌಕರಿ ಸಿಕ್ತು. ದವಾಖಾನಿ ಹೆಸರು ಹೇಳಂಗಿಲ್ಲ. ಹೇಳಿದ್ರ ಅದೊಂದ ದವಾಖಾನಿ ಕೆಟ್ಟದ್ದು, ಉಳಿದವು ಛಲೋ ಅಂತ ನೀವು ತಿಳಕೊಂಡೀರಿ. ನನಗ ಕೆಲಸ ಕಲಿಸಿದವರು ಒಬ್ಬ ಹಿರೇ ಟೆಕ್ನಿಶಿಯನ್, ಮರಾಠಿಯವರು, ನಿವೃತ್ತಿಗೆ ಬಂದಿದ್ರು. ಭಾಳ ಶಿಸ್ತಿನ ಮನುಷ್ಯಾ. ಪಿಪೆಟ್ ಹಿಡಿಯೂದು ತಪ್ಪಿದ್ರ ಬೆರಳಿಗೆ ಪೆನ್ಸಿಲ್‌ಲೆ ಹೊಡೀತಿದ್ರು.

ಗರ್ಮಿ ಪರೀಕ್ಷಾ ನನಗ ಅವರ ಕಲಿಸಿದ್ರು. ರಕ್ತ ತಿರುವಿ ಮ್ಯಾಲಿನ ತಿಳಿ ತಗದು ಬಿಸಿನೀರಾಗ ಅರ್ಧ ತಾಸು ಇಡಬೇಕು. ಆಮ್ಯಾಲ ಗಾಜಿನ ಮ್ಯಾಲ ಒಂದು ಹನಿ ತಿಳಿ, ಒಂದು ಹನಿ ಔಷಧಿ, ನಾಲ್ಕು ಮಿನಿಟ್ ತಿರುಗಿಸೂದು. ಸೂಕ್ಷ್ಮದರ್ಶಕದ ಕೆಳಗ ಸಣ್ಣ ರವಾ ಚೆಲ್ಲಿದಂಗ ಕಂಡ್ರ ರೋಗ ಇಲ್ಲ. ಒಡೆದ ಹಾಲಿನಂಗ ಗಂಟು ಗಂಟು ಕಂಡ್ರ ಅದ. ಇಷ್ಟ. ದೊಡ್ಡ ಯಂತ್ರ ಬ್ಯಾಡ, ದೊಡ್ಡ ವಿದ್ಯಾ ಬ್ಯಾಡ. ಔಷಧಿ ಮಾತ್ರ ಅವತ್ತಿಂದು ಅವತ್ತೇ ಕಲಸಬೇಕು, ಅದಕ್ಕ ನಾವು ವಾರದಾಗ ಎರಡು ದಿನ ಅಷ್ಟ ಈ ಪರೀಕ್ಷಾ ಇಟ್ಟಕೊಂಡಿದ್ವಿ.

"ಇದು ಹೋಗಂಗಿಲ್ಲ, ಅಡಗತದ" ಅಂತಿದ್ರು ಆ ಹಿರೇರು. "ಹುಣ್ಣು ಏಳತದ, ನೋಯಂಗಿಲ್ಲ, ತಾನ ಮಾಯತದ. ಮಂದಿ ಪಾರಾದೆ ಅಂತ ತಿಳಕೋತಾರ. ಅದು ಒಳಗ ಕೂತು ಸಂಸಾರ ಮಾಡತದ." ಅವರು ನಿವೃತ್ತಿ ಆದ ದಿನ ಅವರಿಗೆ ಒಂದು ಗೋಡಿ ಗಡಿಯಾರ ಕೊಟ್ಟು ಕಳಿಸಿದ್ರು. ಅವರು ಹೇಳಿದ ಮಾತು ಯಾರಿಗೂ ಬೇಕಾಗಿದ್ದಿಲ್ಲ.

ಯಾಕಂದ್ರ ಅಷ್ಟೊತ್ತಿಗೆ ಎಚ್‌ಐವಿ ಬಂದಿತ್ತು. ನಾನು ಎಚ್‌ಐವಿ ಕೆಲಸಕ್ಕ ಬೈಯಲಿಕ್ಕೆ ಕೂತಿಲ್ಲ, ಇದನ್ನ ಮೊದಲ ಹೇಳಿಬಿಡ್ತೀನಿ. ವಾರ್ಡಿನ ಹೊರಗ ಮೆಟ್ಟಿಲ ಬುಡಕ ಚಾಪಿ ಹಾಸಿ ಮಲಗಿಸಿದ ಮಂದಿನ್ನ ನಾನು ನೋಡೀನಿ. ಅವರ ತಾಟು ಮುಟ್ಟಲಿಕ್ಕೆ ಆಯಾಗಳು ಒಲ್ಲೆ ಅಂದದ್ದು ನೋಡೀನಿ. ಆ ರೋಗಕ್ಕ ಒಂದು ಖೋಲಿ ಬಂತು, ಬಾಗಲಾ ಮುಚ್ಚಿ ಮೆತ್ತಗ ಮಾತಾಡೂ ಸಲಹಾಕಾರ್ತಿ ಬಂದಳು, ಕಿಟ್ ಬಂದವು, ಛಲೋ ಆತು. ಆದ್ರ ಅದರ ಹಿಂದ ಒಂದು ಮಾತೂ ಬಂತು: ಗರ್ಮಿ ಹೋತು. ಹಳೇ ಕಾಲದ ರೋಗ ಅದು, ಈಗ ಎಲ್ಲಿ ಅದ? ಕಾಗದದ ಮ್ಯಾಲ ಗರ್ಮಿ ಕಡಿಮಿ ಆದದ್ದು ಖರೆ. ಔಷಧಿನ ಬರ್ತಿದ್ದಿಲ್ಲ, ಪರೀಕ್ಷಾನ ಆಗ್ತಿದ್ದಿಲ್ಲ. ನೋಡದ ರೋಗ ಕಾಗದದಾಗ ಎಲ್ಲಿಂದ ಬರತದ? ಕಣ್ಣು ಮುಚ್ಚಿ ಹಾಲು ಕುಡಿಯೂ ಬೆಕ್ಕಿಗೂ ಇವರಕಿಂತ ಬುದ್ಧಿ ಜಾಸ್ತಿ.

ಅದರಾಗ ನನಗ ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ಒಂದ ಮಾತು. ಗರ್ಮಿ ಹುಣ್ಣು ಇದ್ದವರಿಗೆ ಎಚ್‌ಐವಿ ಹತ್ತೂದು ಸರಳ. ಅಲ್ಲಿ ಚರ್ಮ ಒಡೆದಿರತದ. ಬಾಗಲಾ ತಗದಿಟ್ಟ ಮನಿ ಅದು. ಇದು ನಮ್ಮ ಡಾಕ್ಟರಬಾಯಿಗೂ ಗೊತ್ತಿತ್ತು, ಸಲಹಾಕಾರ್ತಿ ಗೋಡಿಗೆ ಹಚ್ಚಿದ ಪೋಸ್ಟರಿನಾಗೂ ಬರೆದಿತ್ತು. ಎಚ್‌ಐವಿ ತಡೀಬೇಕು ಅಂದ್ರ ಗರ್ಮಿ ಹುಡಕಬೇಕು. ಹುಡಕಲಿಕ್ಕೆ ಬೇಕಾದದ್ದು ಒಂದು ಹನಿ. ಒಂದು ದಿನ ನಾನು ಡಾಕ್ಟರಬಾಯಿ ಮುಂದ ಹೋಗಿ ಕೇಳೇ ಬಿಟ್ಟೆ: ಎಚ್‌ಐವಿಗೆ ಅಂತ ರಕ್ತ ತಗೋತೀವಿ, ಎರಡು ಹನಿ ಬಳಸಿ ಉಳಿದದ್ದು ಬ್ಲೀಚಿಂಗ್ ನೀರಾಗ ಸುರುವತೀವಿ. ಅದೇ ತೋಳು, ಅದೇ ರಕ್ತ. ಸುರುವೂದಕ್ಕಿಂತ ಮೊದಲ ಗರ್ಮಿಗೂ ನೋಡಿಬಿಡ್ತೀನಿ.

"ತೇ ವೇಗಳ, ಹೇ ವೇಗಳ" ಅಂದಳು ಆಕಿ. ಅದು ಬ್ಯಾರೆ, ಇದು ಬ್ಯಾರೆ. ಆ ರಕ್ತಕ್ಕ ಬ್ಯಾರೆ ಯೋಜನಾ, ಬ್ಯಾರೆ ರಜಿಸ್ಟರ್, ಬ್ಯಾರೆ ಸಾಹೇಬರು. ಒಪ್ಪಿಗಿ ತಗೊಂಡದ್ದು ಒಂದಕ್ಕ, ನೋಡೂದು ಇನ್ನೊಂದಕ್ಕ ಆದ್ರ ಯಾರು ಜವಾಬುದಾರಿ? "ಹಂಗಾದ್ರ ಎರಡಕ್ಕೂ ಒಪ್ಪಿಗಿ ಕೇಳೂಣು" ಅಂದೆ. ಆಕಿ ಚಷ್ಮಾ ತಗದು ಒರಸಿಕೊಂಡಳು. ಕೆಟ್ಟ ಹೆಂಗಸಲ್ಲ, ದಿನಕ್ಕ ನೂರೈವತ್ತು ಬಸುರಿ ಹೆಣಮಕ್ಕಳನ್ನ ಒಬ್ಬಾಕಿನ ನೋಡಬೇಕಾಗಿತ್ತು. ಆದ್ರ ಆವತ್ತ ನಾನು ಹೊರಗ ಬಂದು ಆ ಹಳೇ ಫ್ರಿಜ್ಜಿಗೆ ಒಂದು ಒದಿಕಿ ಕೊಟ್ಟೆ.

ಎರಡು ಸಾವಿರ ಇಸವಿ ದಾಟಿದ ಮ್ಯಾಲಿನ ಮಾತಿದು. ಮಗರಪಟ್ಟಾದಾಗ ಕಬ್ಬಿನ ಹೊಲ ಹೋಗಿ ಎತ್ತರೆತ್ತರ ಕಟ್ಟಡ ಏಳತಿದ್ದವು. ಕಟ್ಟೂವರು ಯಾರು? ನಮ್ಮ ಕಡೆ ಮಂದಿ. ಯಾದಗಿರಿ, ಶಹಾಪುರ, ಆಳಂದ, ಸೇಡಂ. ಸ್ವಾರಗೇಟದಾಗ ಬಸ್ ಇಳದು ಗಂಟು ತಲಿ ಮ್ಯಾಲ ಇಟಗೊಂಡು ಬಂದು ತಗಡಿನ ಗುಡಿಸಲಾಗ ಇಳೀತಿದ್ರು. ಅವರ ಭಾಷಾ ಬರೂದು ದವಾಖಾನಿಯಾಗ ನನಗೊಬ್ಬಾಕಿಗೆ, ಅದಕ್ಕ ಕಟ್ಟಡದ ಜಾಗಾದಾಗ ಎಚ್‌ಐವಿ ಕ್ಯಾಂಪ್ ಇಟ್ಟಾಗ ನನ್ನನ್ನ ಕಳಿಸಿದ್ರು. ಒಂದು ಟೇಬಲ್, ಎರಡು ಕುರ್ಚಿ, ಮ್ಯಾಲ ಶಾಮಿಯಾನ. ಮುಕಾದಮ, ಅಂದ್ರ ಅವರನ್ನೆಲ್ಲಾ ಊರಿಂದ ಕರಕೊಂಡು ಬಂದವ, ಗಂಡಸರನ್ನ ಸಾಲಾಗಿ ನಿಲ್ಲಿಸಿದ್ದ.

ಆ ಸಾಲಿನಾಗ ಒಬ್ಬ ಗೌಂಡಿ. ಮೂವತ್ತರ ಒಳಗಿನವ, ಕಿವಿಯಾಗ ಪೆನ್ಸಿಲ್, ಮಾತು ಭಾಳ. ನಾನು ಕನ್ನಡದಾಗ "ಮುಷ್ಟಿ ಬಿಗಿ ಹಿಡಿಯೋ ತಮ್ಮಾ" ಅಂದದ್ದ ತಡ, ಅವನ ಮುಖ ಅರಳಿತು. "ಅಕ್ಕಾರ, ನಮ್ಮ ಮಾತು ಕೇಳಿ ಹೊಟ್ಟಿ ತಂಪಾತ್ ನೋಡ್ರಿ. ಇನ್ನಷ್ಟ ರಕ್ತ ತಗೋರಿ, ನಿಮ್ಮಕಿಂತ ಹೆಚ್ಚೇನದ" ಅಂದ. ಸಾಲಿನವರೆಲ್ಲಾ ನಕ್ಕರು, ನಾನೂ ನಕ್ಕೆ. ಅವನ ತೋಳಿನಾಗ ಸೂಜಿ ಹಾಕಿ ಟ್ಯೂಬ್ ತುಂಬಿಸಿದವಳು ನಾನ. ಎಚ್‌ಐವಿ ಇಲ್ಲ ಅಂತ ಬಂತು, ಉಳಿದ ರಕ್ತ ನಿಯಮದ ಪ್ರಕಾರ ಸುರುವಿದೆ. ರಿಪೋರ್ಟಿನ ಕಾಗದ ಅವರವರ ಕೈಗೆ ಕೊಟ್ಟಿವಿ.

ಆ ಕಾಗದದ ಗತಿ ಏನಾತು ಅಂತ ನನಗ ಗೊತ್ತಾದದ್ದು ಎರಡು ತಿಂಗಳ ಮ್ಯಾಲ. ಅದೇ ಗೌಂಡಿ ತನ್ನ ಬಸುರಿ ಹೆಂಡತಿನ್ನ ಕರಕೊಂಡು ನಮ್ಮ ದವಾಖಾನಿಗೆ ಬಂದಿದ್ದ. ಚೀಟಿ ಮಾಡಿಸೂ ಖಿಡಕಿಯಾಗ ಕಾರಕೂನಗ ಒಂದು ಕಾರ್ಡ್ ತೋರಸತಿದ್ದ. ಹತ್ತಿರ ಹೋಗಿ ನೋಡ್ತೀನಿ, ನಾವು ಕೊಟ್ಟ ಎಚ್‌ಐವಿ ರಿಪೋರ್ಟು, ಮ್ಯಾಲ ಪ್ಲಾಸ್ಟಿಕ್ ಹೊದಿಸಿ ಗಟ್ಟಿ ಮಾಡಿಸಿದ್ದ. ಸಿಮೆಂಟು ನೀರು ಹತ್ತಿದ್ರ ಕಾಗದ ತಿಂದ ಹೋಗತದ ಅಂತ ಮುಕಾದಮನ ಎಲ್ಲರಿಗೂ ಹೇಳಿದ್ದನಂತ. ಸ್ವಾರಗೇಟದ ಎದುರಿನ ಝೆರಾಕ್ಸ್ ಅಂಗಡಿಯಾಗ ಇಪ್ಪತ್ತು ಮಂದಿ ಒಮ್ಮಿಗೇ ಹೋಗಿ ಲ್ಯಾಮಿನೇಶನ್ ಮಾಡಿಸಿಕೊಂಡು ಬಂದಿದ್ರು. ರೇಷನ್ ಕಾರ್ಡ್ ಇಲ್ಲದ ಮಂದಿ, ಸರ್ಕಾರದ ಶಿಕ್ಕಾ ಇದ್ದ ಕಾಗದ ಅವರ ಹತ್ತಿರ ಅದೊಂದ. ಹೋದಲ್ಲಿ ಬಂದಲ್ಲಿ ಅದನ್ನ ತೋರಸತಿದ್ರು. "ನಂದು ರಕ್ತ ಸ್ವಚ್ಛ ಅದ ಅಂತ ಸರ್ಕಾರ ಬರಕೊಟ್ಟದ್ರಿ ಅಕ್ಕಾ" ಅಂದ ಅಂವ.

ಅದು ಒಂದು ದಿನದ ಮಾತಪ್ಪಾ, ಆ ದಿನದ ರಕ್ತಕ್ಕ ಅಷ್ಟ, ಅದೂ ಒಂದ ರೋಗಕ್ಕ ಅಂತ ನಾನು ಆವಾಗ ಹೇಳಬೇಕಿತ್ತು. ನಗೆ ಬಂದು ಸುಮ್ಮನಾದೆ. ಮನಿಗೆ ಹೋಗಿ ನಮ್ಮ ಮನಿಯವರ ಮುಂದ ಅದನ್ನ ಚಾಷ್ಟಿ ಮಾಡಿ ಹೇಳಿದೆ. ಅವರು ಚಾಕಣದ ಕಾರ್ಖಾನಿಯಿಂದ ದಣದು ಬಂದಿದ್ರು. "ನಿಮ್ಮ ದವಾಖಾನಿಯವರು ಏನ ಬರಕೊಟ್ರೂ ಮಂದಿ ನಂಬತಾರ, ಸಂಭಾಳಿಸಿ ಬರೀರಿ" ಅಂದು ಭಕ್ರಿ ಮುರದ್ರು.

ಅವನ ಹೆಂಡತಿ ಮೈಯಾಗ ಏನೂ ಇಲ್ಲದ ಹೆಣಮಗಳು. ಕಾಲ ಬೆರಳ ಸಂದಿಗೆಲ್ಲಾ ಸುಣ್ಣ ಸಿಮೆಂಟು ತಿಂದು ಬೆಳ್ಳಗಾಗಿದ್ದವು. ಇದು ಆಕಿದು ಮೂರನೇ ಬಸುರು, ಐದನೇ ತಿಂಗಳು. ಮನಿಯಾಗ ಮಕ್ಕಳು ಎಷ್ಟು ಅಂತ ಕೇಳಿದ್ರ ತಲಿ ಅಲ್ಲಾಡಿಸಿದಳು. "ಮೊದಲಿಂದು ಎಂಟ ತಿಂಗಳಿಗಿ ಸತ್ತ ಹುಟ್ತರಿ. ಎರಡನೇದು ಎರಡ ದಿನ ಇತ್ತು. ಅಂಗೈ ಅಂಗಾಲು ಸಿಪ್ಪಿ ಸುಲದಂಗ ಸುಲೀತಿತ್ತು." ಆ ಮಾತು ಕೇಳಿದ ಕೂಡ್ಲೆ ಆಕಿ ತೋಳಿನಿಂದ ರಕ್ತ ತಗೊಂಡೆ. ಹಿರೇರು ಕಲಿಸಿದ್ರು, ಅಂಗೈ ಸುಲಿಯೂ ಕೂಸು ಕಂಡ್ರ ತಾಯಿ ರಕ್ತ ನೋಡು ಅಂತ. ನಸೀಬಕ್ಕ ಆ ತಿಂಗಳು ಔಷಧಿ ಬಂದಿತ್ತು. ಮರುದಿನ ಗಾಜಿನ ಮ್ಯಾಲ ಹನಿ ಇಟ್ಟು ತಿರುಗಿಸಿದೆ. ಗಂಟು ಗಂಟು. ನೀರು ಕೂಡಿಸಿ ಕೂಡಿಸಿ ತೆಳ್ಳಗ ಮಾಡಿದೆ, ಆದ್ರೂ ಗಂಟು.

ಎರಡು ಕೂಸು ಮಣ್ಣಿಗಿಟ್ಟಳು, ಎರಡು ಊರ ದವಾಖಾನಿ ಮೆಟ್ಟಿಲು ಹತ್ತಿ ಇಳದಳು, ಒಬ್ಬರೂ ಒಂದು ಹನಿ ರಕ್ತ ನೋಡಿದ್ದಿಲ್ಲ. ನನಗ ಆವತ್ತ ಅಳುವಕಿಂತ ಮೊದಲ ಸಿಟ್ಟು ಬಂತು. ಈಗೂ ಬರತದ.

ಡಾಕ್ಟರಬಾಯಿ ಮುಂದ ರಿಪೋರ್ಟು ಇಟ್ಟೆ. ವಾರಕ್ಕೊಂದರಂಗ ಮೂರು ಪೆನಿಸಿಲಿನ್ ಸೂಜಿ ಹಾಕಬೇಕು, ಹೊಟ್ಟಿಯೊಳಗಿನ ಕೂಸಿಗೆ ಅದೊಂದ ದಾರಿ. ಆದ್ರ ಡಾಕ್ಟರಬಾಯಿಗೆ ಪೆನಿಸಿಲಿನ್ ಅಂದ್ರ ಅಂಜಿಕಿ. ಎಂದೋ ಎಲ್ಲೋ ಯಾರಿಗೋ ಅದು ಒಗ್ಗಲಾರದ ಸೂಜಿ ಹಾಕಿದ ಕೂಡ್ಲೆ ಹೋಗಿಬಿಟ್ರಂತ. ಅಂಜಿಕಿ ಸುಳ್ಳಲ್ಲ, ಹಂಗ ಆಗತದ, ಆದ್ರ ಭಾಳ ಅಪರೂಪ. "ಗುಳಿಗಿ ಕೊಡೂಣು" ಅಂದಳು. "ಗುಳಿಗಿ ಕೂಸಿಗೆ ಮುಟ್ಟಂಗಿಲ್ಲ ಅಂತ ನಿಮ್ಮ ಪುಸ್ತಕದಾಗ ಬರದದ ಮ್ಯಾಡಮ್, ಮೂರನೇದೂ ಹೋಗಲೇನು?" ಅಂದೆ. ಟೆಕ್ನಿಶಿಯನ್ ಡಾಕ್ಟರಿಗೆ ಹಂಗ ಮಾತಾಡಬಾರದು. ಆಕಿ ಮುಖ ಕೆಂಪಾತು. ಆಮ್ಯಾಲ ಎದ್ದು ತಾನ ಸೂಜಿ ತಯಾರ ಮಾಡಿದಳು, ಏನರ ಆದ್ರ ಇರಲಿ ಅಂತ ಇನ್ನೊಂದು ಸಿರಿಂಜಿನಾಗ ಅದಕ್ಕ ಉತಾರದ ಔಷಧಿ ತುಂಬಿಸಿ ಇಟ್ಟುಕೊಂಡಳು. ಏನೂ ಆಗಲಿಲ್ಲ.

ಸೂಜಿ ಹಾಕಿಸಿಕೊಂಡು ಆ ಹೆಣಮಗಳು ನನ್ನ ಲ್ಯಾಬಿಗೆ ಬಂದು ನೆಲದ ಮ್ಯಾಲ ಕೂತಳು. ಏನು ರೋಗ ಅಂತ ನಾನು ಅದಾಗಲೇ ಹೇಳಿದ್ದೆ. ಗಂಡನಿಗೂ ಸೂಜಿ ಹಾಕಬೇಕು, ಇಲ್ಲಂದ್ರ ಅವನಿಂದ ತಿರುಗಿ ನಿನಗ ಬರತದ ಅಂತನೂ ಹೇಳಿದ್ದೆ. ಆಕಿ ನನ್ನ ಪಾದಾ ಹಿಡಕೊಂಡಳು. "ಅವಗ ಹೇಳಬ್ಯಾಡ್ರಿ ಅಕ್ಕಾ. ಗರ್ಮಿ ಅಂದ್ರ ನನ್ನಿಂದ ಬಂತ ಅಂತಾರ. ನಮ್ಮ ಅತ್ತಿ ಇಕಿ ಹೊಟ್ಟಿ ಸುಡಗಾಡ ಅಂತ ಊರ ತುಂಬ ಹೇಳ್ಯಾಳ, ಅವಗ ಇನ್ನೊಂದ ಮಾಡಾಕ ಹೆಣ್ಣ ನೋಡಲಾಕ ಹತ್ಯಾಳ. ಇದು ಗೊತ್ತಾದ್ರ ನಾ ಎಲ್ಲಿಗಿ ಹೋಗ್ಲಿ?"

ಆಕಿ ಹೇಳಿದ್ದು ಸುಳ್ಳಾಗಿದ್ದಿಲ್ಲ. ಬಸುರಿಗೆ ಪರೀಕ್ಷಾ ಮಾಡ್ತೀವಿ ಅಂತ ರೋಗ ಮೊದಲ ಆಕಿ ಮೈಯಾಗ ಕಾಣತದ. ಕಂಡಾಕಿನ ತಂದಾಕಿ ಆಗ್ತಾಳ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರು ಅಂತಾರಲ್ಲ, ಹಂಗ. ಗಂಡಂದಿರನ್ನ ಕರೆಸಿದ ಮ್ಯಾಲ ದವಾಖಾನಿ ಅಂಗಳದಾಗನ ಹೊಡತ ತಿಂದ ಹೆಂಗಸರನ್ನ ನಾನು ಕಣ್ಣಾರೆ ಕಂಡೀನಿ. ಡಾಕ್ಟರಬಾಯಿ, ಸಲಹಾಕಾರ್ತಿ, ನಾನು, ಮೂರೂ ಮಂದಿ ಹೆಂಗಸರು ಕೂತು ಮಾತಾಡಿದ್ವಿ. ಹೇಳೂದು ಬ್ಯಾಡ ಅಂತ ಠರಾಯಿಸಿದ್ವಿ. ಅಂವ ಹೊರಗ ಕಟ್ಟಿ ಮ್ಯಾಲ ಕೂತು ಕಾಯತಿದ್ದ. "ಏನ್ ಸೂಜಿರಿ ಅಕ್ಕಾ ಇದು, ಭಾಳ ಬ್ಯಾನಿ ಆಗತದ ಅಂತಾಳಲ್ಲ" ಅಂದ. "ಶಕ್ತಿದು" ಅಂದೆ. ನಂಬಿದ. ಮೂರೂ ವಾರ ಒಂದ ಪಾಳಿ ಬಿಟ್ಟು ಆಕಿನ್ನ ಕರಕೊಂಡು ಬಂದ.

ನಾಲ್ಕು ತಿಂಗಳ ಮ್ಯಾಲ ಕೂಸು ಹುಟ್ಟಿತು. ಗಂಡಸಮಗ. ಗಟ್ಟಿಯಾಗಿ ಅತ್ತಿತು, ಅಂಗೈ ಅಂಗಾಲು ಹೊಸ ಬೆಣ್ಣಿಯಂಗ ಮೆತ್ತಗ ಇದ್ದವು. ನಾನು ಎರಡೆರಡು ಸಲ ಹೊರಳಿಸಿ ನೋಡಿದೆ. ಕೂಸು ಉಳಿಯಲಾರದ ಮನಿಯಾಗ, ಹುಟ್ಟಿದ್ದನ್ನ ತಿಪ್ಪಿ ಮ್ಯಾಲ ಹೊರಳಿಸಿ ತಿಪ್ಪಿ ಹೆಸರ ಇಡೂದು ನಮ್ಮ ಕಡೆ ಪದ್ಧತಿ, ಕೆಟ್ಟ ಹೆಸರಿನ ಕೂಸನ್ನ ಸಾವು ಮುಟ್ಟಂಗಿಲ್ಲ ಅಂತ. ಮಗರಪಟ್ಟಾದಾಗ ತಿಪ್ಪಿ ಎಲ್ಲಿಂದ ತರತಾರ? ಕಟ್ಟಡದ ಉಸುಕಿನ ರಾಶಿ ಮ್ಯಾಲ ಹೊರಳಿಸಿ ತಿಪ್ಪಿ ಹೆಸರ ಇಟ್ರಂತ. ಜನ್ಮದಾಖಲಾ ಬರಿಯೂ ಕಾರಕೂನ ಆ ಹೆಸರು ಕೇಳಿ ನಕ್ಕ. ನಾನು ಅವಗ ಬೈದು, ಹೇಳಿದಂಗ ಬರಿಯೋ ಅಂದೆ. ಗೌಂಡಿ ಇಡೀ ವಾರ್ಡಿಗೆ ಪೇಢಾ ಹಂಚಿದ. ಮೊದಲ ಪೇಢಾ ನನ್ನ ಕೈಯಾಗ ಇಟ್ಟ. ನಾನು ಅದನ್ನ ತಿಂದೆ, ಭಾಳ ಸೊಕ್ಕಿನಿಂದ ತಿಂದೆ. ಆ ಕೂಸು ನನ್ನದ ಒಂದು ಹನಿಯಿಂದ ಉಳದದ ಅಂತ ಒಂದು ತಿಂಗಳು ನೆಲಕ್ಕ ಕಾಲು ಹತ್ತಿದ್ದಿಲ್ಲ.

ತಾಯಿಗೆ ನಾನು ನಿರೋಧ ಪಾಕೀಟು ಕೊಟ್ಟು ಕಳಿಸಿದೆ. ಆಕಿ ಸೆರಗಿನಾಗ ಮುಚ್ಚಿಕೊಂಡು ನಕ್ಕಳು. ಅದನ್ನ ಗಂಡನ ಮುಂದ ಹ್ಯಾಂಗ ತಗೀಬೇಕು, ಯಾಕ ಅಂತ ಕೇಳಿದ್ರ ಏನಂತ ಹೇಳಬೇಕು ಅಂತ ನಾನೂ ಹೇಳಲಿಲ್ಲ, ಆಕಿನೂ ಕೇಳಲಿಲ್ಲ. ಮುಂದ ಮಗರಪಟ್ಟಾದ ಕೆಲಸ ಮುಗೀತು. ಗಂಡಸರನ್ನ ಮುಕಾದಮ ಚಾಕಣಕ್ಕ ಕರಕೊಂಡು ಹೋದ, ಅಲ್ಲಿ ಹೊಸ ಕಾರ್ಖಾನಿಗಳ ಶೆಡ್ ಏಳತಿದ್ದವು. ಹೆಂಗಸರು ಇಲ್ಲೇ ಉಳದ್ರು, ಗಂಡಸರು ಹದಿನೈದು ದಿನಕ್ಕೊಮ್ಮಿ, ತಿಂಗಳಿಗೊಮ್ಮಿ ಬರ್ತಿದ್ರು.

ಎರಡು ವರ್ಷದ ಮ್ಯಾಲ ಆಕಿ ತಿರುಗಿ ಬಂದಳು. ಬಗಲಾಗ ಆ ಮಗ, ಹೊಟ್ಟಿಯಾಗ ಇನ್ನೊಂದು. ಮಗ ದುಂಡಗ ಇದ್ದ, ನನ್ನ ಚಷ್ಮಾ ಎಳದ. ತಾಯಿ ಮಾತ್ರ ಮೊದಲಿಗಿಂತ ಅರ್ಧ ಆಗಿದ್ದಳು. ನಡಿಯೂವಾಗ ಕಾಲು ಅಗಲ ಇಟ್ಟು ನಡೀತಿದ್ದಳು. ಒಳಗ ಹುಣ್ಣು ಎದ್ದಿತ್ತು, ಮುಂಚೆ ನೋಯತಿದ್ದಿಲ್ಲ, ಈಗ ಕೀವು ಹಿಡದಿತ್ತು. ಈ ಸಲ ಎಚ್‌ಐವಿ ಖೋಲಿಯವರೂ ರಕ್ತ ತಗೊಂಡ್ರು, ನಾನೂ ತಗೊಂಡೆ. ಬಸುರಿ ಒಬ್ಬಾಕಿನ, ಟ್ಯೂಬ್ ಎರಡು, ಸೂಜಿ ಎರಡು ಸಲ. ನನ್ನ ಗಾಜಿನ ಮ್ಯಾಲ ಗಂಟು ಗಂಟು. ಅವರ ಕಿಟ್ಟಿನ ಮ್ಯಾಲ ಎರಡು ಗೆರಿ, ಅಂದ್ರ ಎಚ್‌ಐವಿ ಅದ.

ಎರಡು ಗೆರಿ ಬಂದದ್ದ ತಡ, ದವಾಖಾನಿಗೆ ಜೀವ ಬಂತು. ಸಲಹಾಕಾರ್ತಿ ಕುರ್ಚಿ ಎಳದು ಕೂಡಿಸಿದಳು. ಪಂಖಾ ಹಚ್ಚಿದಳು. ಚಹಾ ತರಿಸಿದಳು. ಹೆರಿಗಿ ಹೊತ್ತಿಗೆ ತಾಯಿಗೆ ಒಂದು ಗುಳಿಗಿ, ಕೂಸಿಗೆ ಒಂದು ಹನಿ ಔಷಧಿ ಅಂತ ಎಲ್ಲಾ ಬರದಿಟ್ಟರು. ಅದರಿಂದ ಆ ಕೂಸು ಮುಂದ ಪಾರಾತು ಅನ್ನೂದನ್ನೂ ಇಲ್ಲೇ ಹೇಳಿಬಿಡ್ತೀನಿ, ನಾನು ಉಪಕಾರ ಮರಿಯೂವಾಕಿ ಅಲ್ಲ. ಆದ್ರ ಆ ಚಹಾ ನೋಡಿ ನನಗ ಎಲ್ಲಿಲ್ಲದ ಸಿಟ್ಟು ಬಂತು. ಇದೇ ಹೆಂಗಸು ಎರಡು ವರ್ಷದ ಹಿಂದ ಇದೇ ದವಾಖಾನಿಯಾಗ ನೆಲದ ಮ್ಯಾಲ ಕೂತಿದ್ದಳು. ಆಗ ಆಕಿಗೆ ಬರೇ ಗರ್ಮಿ ಇತ್ತು, ಯಾರೂ ಕುರ್ಚಿ ಕೊಡಲಿಲ್ಲ. ಮನಿಗೆ ಬೆಂಕಿ ಬಿದ್ದಾಗ ಬಾವಿ ತೋಡಿದ್ರಂತ. ತೋಡ್ರಿ, ಛಲೋ ತೋಡ್ರಿ, ಚಹಾನೂ ಕುಡೀರಿ.

"ಗಂಡನ್ನ ಕರಕೊಂಡು ಬಾ, ಏನೇನು ಹೇಳಬೇಕು ಏನು ಬ್ಯಾಡ ಅಂತ ನೀನ ಹೇಳು" ಅಂದಳು ಸಲಹಾಕಾರ್ತಿ. ನಾನು ಕನ್ನಡದಾಗ ಅದನ್ನ ಆಕಿಗೆ ತಿಳಿಸಿದೆ. ಆಕಿ ಸೆರಗಿಲೆ ಮುಖ ಒರಸಿಕೊಂಡು, "ಎಲ್ಲಾ ಹೇಳ್ರಿ ಅಕ್ಕಾ. ಇನ್ನ ಮುಚ್ಚಿ ಏನ ಉಳೀತು" ಅಂದಳು.

ಅಂವ ಎರಡನೇ ದಿನಕ್ಕ ಚಾಕಣದಿಂದ ಬಂದ. ರಕ್ತ ತಗೋಬೇಕು ಅಂದ್ರ ಅದೇ ಪ್ಲಾಸ್ಟಿಕ್ ಕಾರ್ಡ್ ತಗದು ಟೇಬಲ್ ಮ್ಯಾಲ ಇಟ್ಟ. "ನಂದು ರಿಪೋರ್ಟು ಅದರಿ" ಅಂದ. ತಗೊಂಡ ಮ್ಯಾಲ ಅವನಿಗೂ ಎರಡೂ ಬಂದವು, ಎಚ್‌ಐವಿನೂ ಗರ್ಮಿನೂ. ಸಲಹಾಕಾರ್ತಿ ಮರಾಠಿಯಾಗ ಎಚ್‌ಐವಿ ಸಂಗತಿ ಮೆತ್ತಗ ಹೇಳಿ ಮುಗಿಸಿದಳು. ಗರ್ಮಿ ಸಂಗತಿ ನನಗ ಬಿಟ್ಟಳು. ನಾನು ಅವನನ್ನ ಲ್ಯಾಬಿಗೆ ಕರಕೊಂಡು ಬಂದು ಬಾಗಲಾ ಮುಂದಕ್ಕ ಮಾಡಿದೆ.

ಎರಡು ವರ್ಷದಿಂದ ಹೊಟ್ಟಿಯಾಗ ಇಟ್ಟುಕೊಂಡದ್ದೆಲ್ಲಾ ಕಾರಿದೆ. ನಿನಗ ಎಂದೋ ಕೆಳಗ ಹುಣ್ಣು ಎದ್ದಿತ್ತು ಹೌದಲ್ಲೋ, ನೋಯದ ಮಾಯ್ತು ಹೌದಲ್ಲೋ, ಆ ರೋಗ ಒಯ್ದು ಹೆಂಡತಿಗೆ ಕೊಟ್ಟಿ. ಅದಕ್ಕ ಆಕಿಗೆ ಮೂರು ಸೂಜಿ ಹಾಕಿದ್ವಿ. ಶಕ್ತಿದೂ ಅಲ್ಲ ಏನೂ ಅಲ್ಲ. ಅದಕ್ಕ ಆ ಮಗ ಉಳದ. ನೀನು ಸೂಜಿ ಇಲ್ಲದ ಹಂಗ ಉಳದಿ. ತಿರುಗಿ ಆಕಿಗೆ ಅದನ್ನ ಹಚ್ಚಿದಿ, ಆ ಹುಣ್ಣಿನ ದಾರಿ ಹಿಡದು ಈ ದೊಡ್ಡದೂ ಬಂತು. ನಿನಗೊಂದು ಕಾರ್ಡ್ ಬ್ಯಾರೆ, ಪ್ಲಾಸ್ಟಿಕ್ ಬ್ಯಾರೆ. ನನ್ನ ಧ್ವನಿ ಹೊರಗಿನ ಸಾಲಿಗೂ ಕೇಳಿಸಿರಬೇಕು. ಅಂವ ಎದುರು ಮಾತಾಡ್ತಾನ, ಆಕಿನ ತಂದಾಳ ಅಂತಾನ, ಅಂದ್ರ ಇನ್ನೂ ನಾಲ್ಕು ಹಾಕಬೇಕು ಅಂತ ನಾನು ತಯಾರಾಗೇ ನಿಂತಿದ್ದೆ.

ಅಂವ ಸ್ಟೂಲ್ ಮ್ಯಾಲ ಕೂತ. ತನ್ನ ಅಂಗೈ ನೋಡಿಕೊಂಡ. ಹುಣ್ಣು ಎದ್ದಿತ್ರಿ ಅಂದ. ಮದುವಿಕಿಂತ ಮೊದಲು, ಸೊಲ್ಲಾಪುರದಾಗ ಕೆಲಸಕ್ಕಿದ್ದಾಗ. ವಾರದಾಗ ಮಾಯ್ತು. ನೋಯಲಾರದ್ದು ರೋಗ ಅಂತ ಯಾರಿಗೆ ಗೊತ್ತಾಗತದ್ರಿ ಅಂದ. ಚಾಕಣದಾಗೂ ಒಂದೆರಡು ಸಲ ಮಂದಿ ಕೂಡ ಹೋಗಿದ್ದೆ, ಸುಳ್ಳ ಯಾಕ ಹೇಳ್ಲಿ, ನಂದು ಸ್ವಚ್ಛ ಅದ ಅಂತ ಧೈರ್ಯ ಇತ್ತು ಅಂದ. ಆಮ್ಯಾಲ ತಲಿ ಎತ್ತಿ ಕೇಳಿದ: "ಅಕ್ಕಾ, ಮೊದಲಿನ ಎರಡು ಕೂಸು. ಅವೂ ಇದರಿಂದನ ಹೋದವೇನ್ರಿ?"

ಸಿಟ್ಟಿನಾಗ ಆ ಮಾತೊಂದು ನಾನು ಹೇಳಿದ್ದಿಲ್ಲ. ಹೌದು ಅಂದೆ.

"ಎರಡನೇದನ್ನ ನಾನ ಎ‍ತ್ತಿಕೊಂಡು ಹೋಗಿ ಮಣ್ಣಿಗಿಟ್ಟ ಬಂದೀನ್ರಿ" ಅಂದ. "ಬಂದು ಅಕಿನ್ನ ಬಡದೆ."

ಅಂವ ತಾನ ಅಂಗಿ ತೋಳು ಮ್ಯಾಲ ಏರಿಸಿಕೊಂಡ. ಆ ಸೂಜಿ ತೋಳಿಗಲ್ಲ ಕುಂಡಿಗೆ ಹಾಕತಾರ, ಹಾಕೂವಾಕಿ ನಾನಲ್ಲ ನರ್ಸ್ ಅಂತ ಹೇಳೂ ಖಬರೂ ನನಗ ಇರಲಿಲ್ಲ. "ಆವತ್ತ ಕ್ಯಾಂಪಿನಾಗ ರಕ್ತ ತಗೊಂಡಾಗ ಒಂದ ಮಾತ ಕೇಳಿದ್ರ ಹುಣ್ಣಿನ ಸಂಗತಿ ಹೇಳತಿದ್ದೆ. ಅಕಿಗಿ ಸೂಜಿ ಹಾಕೂವಾಗ ನಾ ಮೂರೂ ವಾರ ಆ ಕಟ್ಟಿ ಮ್ಯಾಲ ಕೂತಿದ್ನಲ್ರಿ. ನೀ ಒಳಗ ಬಾ ಅಂತ ಒಬ್ಬರೂ ಕರೀಲಿಲ್ಲ. ಸಿಟ್ಟ ಬರತಿತ್ತು ಖರೆ, ಅಕಿಗಿ ಒಂದೆರಡ ಬೈತಿದ್ದೆ. ಆದ್ರ ಕೂಸಿನ ಸಲುವಾಗಿ ಅಂದಿದ್ರ ತಗೋತಿದ್ದೆ. ಮೂರಲ್ಲ, ಮೂವತ್ತ ಹಾಕಿದ್ರೂ ತಗೋತಿದ್ದೆ."

ಬೈತಿದ್ದನೋ, ಬಡೀತಿದ್ದನೋ, ಖರೇನ ತಗೋತಿದ್ದನೋ, ನನಗ ಹ್ಯಾಂಗ ಗೊತ್ತಾಗಬೇಕು. ಕೇಳಿದ್ರ ಗೊತ್ತಾಗತಿತ್ತು. ನಾನು ನರ್ಸಿನ್ನ ಕರೀಲಿಕ್ಕೆ ಬಾಗಲಾ ತಗದೆ. ಹೊರಗ ಆಕಿ ಮಗನ್ನ ಬಗಲಾಗ ಇಟ್ಟುಕೊಂಡು ಗೋಡಿಗೆ ಆನಿಸಿ ನಿಂತಿದ್ದಳು, ಎಲ್ಲಾ ಕೇಳಿದ್ದಳು.